ಬಾನೆಟ್ಟಿನೊಳಗಿನ ಬಾಣಂತಿ

ಒಟ್ಟು ಹನ್ನೊಂದು ಸಾವಿರದ ಎಂಟುನೂರು ರೂಪಾಯಿ ಹೋಯಿತು. ಅದರಲ್ಲಿ ಹೆಚ್ಚಿನದು ಕಾರಿನ ವೈರಿಂಗಿಗೆ, ಸ್ವಲ್ಪ ಊರವರು ಹೇಳಿದ ಔಷಧಿಗಳಿಗೆ, ಕೊನೆಯ ಆರುನೂರೈವತ್ತು ಒಂದು ಪ್ಲಾಸ್ಟಿಕ್ ಜಾಳಿಗೆಗೆ. ಯಾಕೆ ಹೋಯಿತು ಎಂದು ಕೇಳಿದರೆ ಎಲ್ಲರೂ ಇಲಿಯಿಂದ ಅನ್ನುತ್ತಿದ್ದರು. ನಾನೂ ಒಂದು ತಿಂಗಳು ಇಲಿಯನ್ನೇ ಬೈದೆ. ಇಲಿಯದೇನೂ ತಪ್ಪಿರಲಿಲ್ಲ. ಕರೆದು, ಕೂರಿಸಿ, ಊಟಕ್ಕೆ ಇಟ್ಟವಳು ನಾನೇ.

ನನ್ನದು ಜೋಳದ ರೊಟ್ಟಿಯ ವ್ಯಾಪಾರ. ಒಂದು ಹೆಂಚು, ಒಂದು ಒಲೆಯಿಂದ ಶುರು ಮಾಡಿದ್ದು. ಈಗ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆರು ಮಂದಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಅಥಣಿ, ಚಿಕ್ಕೋಡಿ, ನಿಪ್ಪಾಣಿಯ ಖಾನಾವಳಿಗಳಿಗೆ ನಾನು ಮುಟ್ಟಿಸಿ ಬರುತ್ತೇನೆ. ಮೊದಲು ಬಸ್ಸಿನಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದೆ, ಆಮೇಲೆ ಬಾಡಿಗೆಯ ಟಂಟಂ ಆಟೋದಲ್ಲಿ. ಕಾರು ನಡೆಸಲು ಕಲಿತದ್ದು ನಲವತ್ತಾರನೇ ವಯಸ್ಸಿಗೆ. ಆದರೆ ಕಾರು ಕೊಂಡದ್ದು ರೊಟ್ಟಿಗಾಗಿ ಅಲ್ಲ, ಮಗಳಿಗಾಗಿ.

ಮಗಳ ಮೊದಲ ಹೆರಿಗೆ ಹಾಲಿನ ಟೆಂಪೋದಲ್ಲಿ ಆಗಿತ್ತು. ಕಾಗವಾಡದ ಆಚೆ ತೋಟದ ವಸ್ತಿಯಲ್ಲಿ ನಮ್ಮ ಮನೆ. ನೋವು ಬಂದ ದಿನ ಒಂದು ಗಾಡಿಯೂ ಸಿಗಲಿಲ್ಲ. ಹಾಲು ಒಯ್ಯುವವನು ಕ್ಯಾನುಗಳನ್ನು ಒತ್ತರಿಸಿ ಜಾಗ ಮಾಡಿಕೊಟ್ಟ. ಮಿರಜಿನ ಆಸ್ಪತ್ರೆ ಮುಟ್ಟುವ ಮೊದಲೇ, ರಸ್ತೆಯ ಬದಿಯಲ್ಲಿ, ಕ್ಯಾನುಗಳ ನಡುವೆ ಮೊಮ್ಮಗಳು ಹುಟ್ಟಿದಳು. ಕೂಸು ಗಟ್ಟಿಯಾಗಿತ್ತು, ಆದರೆ ಮಗಳಿಗೆ ರಕ್ತ ಬಹಳ ಹೋಯಿತು. ಮೂರು ದಿನ ಆಸ್ಪತ್ರೆಯ ವರಾಂಡದಲ್ಲಿ ನಾನು ಕೂತ ರೀತಿ ಯಾರಿಗೂ ಬೇಡ. ಬಿಡುಗಡೆಯ ದಿನ ಡಾಕ್ಟರಮ್ಮ ಹೇಳಿದರು: "ಎರಡನೇದ್ದಕ್ಕ ಹಿಂಗ ಆಟ ಆಡಬ್ಯಾಡ್ರಿ. ನೋವು ಬಂದ ಗಳಿಗೆಗೆ ಹೊರಡಬೇಕು."

ಮೂರು ವರ್ಷದ ನಂತರ ಮಗಳು ಎರಡನೆಯದಕ್ಕೆ ಏಳು ತಿಂಗಳಾಗಿ ತವರಿಗೆ ಬಂದಳು. ಅವಳು ಬಂದ ವಾರವೇ ನಾನು ಕಾರು ನೋಡಲು ಹೊರಟೆ.

ರಾಯಬಾಗದಲ್ಲಿ ಒಬ್ಬ ಮಾಸ್ತರರ ಹಳೆಯ ಸಣ್ಣ ಕಾರು ಮಾರಾಟಕ್ಕಿತ್ತು. ಎಂಜಿನ್ ಕೇಳಿದೆ, ಟೈರು ಒತ್ತಿದೆ, ಬಾಗಿಲು ನಾಲ್ಕು ಸಲ ತೆಗೆದು ಹಾಕಿದೆ. ಎಲ್ಲ ಸರಿಯಿತ್ತು. ಎಲ್ಲ ಸರಿಯಿದ್ದರೆ ಚೌಕಾಸಿಗೆ ಹಿಡಿಯೇ ಇರುವುದಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಗಾಳಿ ಒಳಗೆ ಹೋಗಲು ಕಪ್ಪು ಪ್ಲಾಸ್ಟಿಕ್ ಜಾಳಿಗೆ ಇರುತ್ತದಲ್ಲ, ಅದು ಎಡಮೂಲೆಯಲ್ಲಿ ಎರಡು ಬೆರಳು ಹೋಗುವಷ್ಟು ಒಡೆದಿತ್ತು. ಅಲ್ಲಿ ಬೆರಳಿಟ್ಟೆ.

"ಮಾಸ್ತರ, ಇದೇನ್ರಿ?"

"ಅದೇನ ದೊಡ್ಡದಲ್ಲ ಬಿಡ್ರಿ ಅಕ್ಕಾರ. ಮಾವಿನಕಾಯಿ ಬಿದ್ದು ಒಡದೈತಿ."

"ಇವತ್ತ ಮಾವಿನಕಾಯಿ ಬಿದ್ದೈತಿ. ನಾಳೆ ಮಳಿ ನೀರು ಒಳಗ ಇಳದು ಎಂಜಿನ್ ಕೆಟ್ಟರ?"

"ಎಂಜಿನ್ನಿಗೂ ಅದಕ್ಕೂ ಏನ ಸಂಬಂಧ ಇಲ್ರಿ!"

"ಎಂಜಿನ್ನಿಗಿ ಇಲ್ಲದಿರಬಹುದು. ರೇಟಿಗಂತೂ ಐತಿ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನಕ್ಕುಬಿಟ್ಟರು. "ಕೊಟ್ಟ ಕಳಸ್ರಿ ಅತ್ತ. ಇಲ್ಲಂದ್ರ ಇವರು ಟೈರಿನ ಗಾಳಿಗೂ ರೇಟ ಕಟ್ಟತಾರ."

ಆ ಒಂದು ಬಿರುಕಿನಿಂದ ಮೂರು ಸಾವಿರ ಇಳಿಸಿದೆ. ದಾರಿಯುದ್ದಕ್ಕೂ ನನ್ನ ಜಾಣತನಕ್ಕೆ ನಾನೇ ಖುಷಿಪಡುತ್ತ ಬಂದೆ. ಜಾಳಿಗೆಯನ್ನು ಮಾತ್ರ ಬದಲಿಸಲಿಲ್ಲ. ಕಾರು ಓಡುತ್ತಿತ್ತು, ಬದಲಿಸುವ ಅವಶ್ಯಕತೆ ಕಾಣಲಿಲ್ಲ.

ಮುಂದಿನ ಭಾನುವಾರ ಮಂಗಸೂಳಿಗೆ ಹೋದೆವು. ನಮ್ಮ ಮನೆಯಲ್ಲಿ ಹೊಸದೇನು ಬಂದರೂ, ಅದು ಎಮ್ಮೆಯಾಗಲಿ ಹಿಟ್ಟಿನ ಗಿರಣಿಯಾಗಲಿ, ಮೊದಲು ಅಲ್ಲಿನ ಮಲ್ಲಯ್ಯ ದೇವರಿಗೆ ಹೇಳಬೇಕು. ಪೂಜೆ ಮುಗಿಸಿ ಬಂದು, ಒಣ ಕೊಬ್ಬರಿಯ ಚೂರು ಬೆರೆಸಿದ ಭಂಡಾರವನ್ನು ಬೊಗಸೆ ತುಂಬ ಹಿಡಿದು, "ಏಳಕೋಟಿ" ಎನ್ನುತ್ತ ಮೂರು ಸಲ ಕಾರಿನ ಮೇಲೆ ಹಾರಿಸಿದೆ. ಬಿಳಿ ಕಾರು ಅರಿಶಿನದಲ್ಲಿ ಮುಳುಗಿ ಮದುಮಗಳಾಯಿತು. ನೆಲಕ್ಕೆ ಬಿದ್ದ ಚೂರುಗಳನ್ನು ಸುತ್ತಲಿನವರು ಪ್ರಸಾದವೆಂದು ಆರಿಸಿಕೊಂಡರು. ಮಗಳು ಸೀಟಿನಲ್ಲೇ ಕೂತು, "ಯವ್ವಾ ಸಾಕ ಮಾಡ, ನನಗ ಸೀನ ಬರಾಕತ್ತಾವು" ಅಂದಳು.

ಮೂರು ವಾರ ಕಾರು ಚೆನ್ನಾಗಿ ಓಡಿತು. ನಾಲ್ಕನೇ ವಾರ ಅಥಣಿಯ ದಾರಿಯಲ್ಲಿ ರೊಟ್ಟಿ ತುಂಬಿಕೊಂಡು ಹೋಗುವಾಗ ಎಂಜಿನ್ ಮುಗ್ಗರಿಸತೊಡಗಿತು. ಅಲ್ಲಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಕಡಿದ ಎರಡು ವೈರುಗಳನ್ನು ತೋರಿಸಿದ. "ಮಾವಶಿ, ಇಲಿ ಕೆಲಸ. ನಿಮ್ಮ ಗಾಡ್ಯಾಗ ಹಿಟ್ಟಿನ ವಾಸನಿ ಐತಿ ನೋಡ್ರಿ, ಅದಕ್ಕ ಬಂದಾವು." ಅವನ ಮಾತು ನನಗೂ ಸರಿ ಅನ್ನಿಸಿತು. ವೈರಿಗೆ ಟೇಪು ಸುತ್ತಿಸಿಕೊಂಡು ಬಂದೆ. ಅಂದಿನಿಂದ ಡಿಕ್ಕಿಯನ್ನು ದಿನಾಲು ಒದ್ದೆ ಬಟ್ಟೆಯಿಂದ ಒರೆಸಿದೆ, ಕಾರನ್ನು ಹಿಟ್ಟಿನ ಕೋಣೆಯಿಂದ ದೂರ ಬೇವಿನ ಮರದ ಕೆಳಗೆ ನಿಲ್ಲಿಸಿದೆ.

ಹತ್ತು ದಿನಕ್ಕೆ ಮಗಳನ್ನು ಮಿರಜಿಗೆ ತಪಾಸಣೆಗೆ ಕರೆದೊಯ್ಯಬೇಕಿತ್ತು. ಅವಳು ಫೈಲು ಹಿಡಿದು ಕೂತಳು. ನಾನು ಕೀಲಿ ತಿರುಗಿಸಿದೆ. ಕಾರು ತುಟಿಪಿಟಕ್ ಅನ್ನಲಿಲ್ಲ. ಇನ್ನೊಮ್ಮೆ ತಿರುಗಿಸಿದೆ, ಮತ್ತೊಮ್ಮೆ. ಪಕ್ಕದ ತೋಟದ ದ್ರಾಕ್ಷಿ ಬೆಳೆಗಾರರು ತಮ್ಮ ಜೀಪಿನಲ್ಲಿ ನಮ್ಮನ್ನು ಮುಟ್ಟಿಸಿದರು. ತಪಾಸಣೆಯ ದಿನ ಹೀಗೆ ನಡೆದುಹೋಯಿತು. ನೋವಿನ ದಿನ ಆಗಿದ್ದರೆ? ಮಗಳು ಜೀಪಿನ ಹಿಂದಿನ ಸೀಟಿನಲ್ಲಿ ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಹಾಲಿನ ಟೆಂಪೋದಲ್ಲಿಯೂ ಹಾಗೆಯೇ ಹಿಡಿದಿದ್ದಳು.

ಈ ಸಲ ವೈರಿನ ಇಡೀ ಕಟ್ಟನ್ನೇ ಬದಲಿಸಬೇಕಾಯಿತು. ಹನ್ನೆರಡು ಸಾವಿರ ಕೇಳಿದ್ದನ್ನು ಒಂಬತ್ತೂವರೆಗೆ ಇಳಿಸಿದೆ, ಆದರೆ ಇಳಿಸಿದ ಖುಷಿ ಆಗಲಿಲ್ಲ.

ಕಾರು ಇದ್ದವರಿಗೆಲ್ಲ ಇಲಿಯ ಔಷಧಿ ಗೊತ್ತಿರುತ್ತದೆ ಎಂಬುದು ನನಗೆ ಆಗ ತಿಳಿಯಿತು. ಜೀಪಿನವರು ಬಟ್ಟೆಯ ನಡುವೆ ಇಡುವ ಡಾಂಬರು ಗುಳಿಗೆ ಕಟ್ಟಲು ಹೇಳಿದರು, ಕಟ್ಟಿದೆ. ಪೆಟ್ರೋಲ್ ಪಂಪಿನಲ್ಲಿ ಹಿಂದೆ ನಿಂತವನೊಬ್ಬ ಬಾನೆಟ್ ತೆರೆದಿಡಲು ಹೇಳಿದ, ತೆರೆದಿಟ್ಟೆ, ಕೋಳಿ ಹತ್ತಿ ಕೂತಿತು. ತಂಬಾಕಿನ ಪೇಟೆಯಾದ ನಿಪ್ಪಾಣಿಯ ಖಾನಾವಳಿ ಮಾಲೀಕರು ಮಾತ್ರ ಎದೆ ತಟ್ಟಿ ಹೇಳಿದರು: "ಎಲ್ಲಾ ಬಿಡ್ರಿ. ತಂಬಾಕ! ನಮ್ಮೂರಾಗ ಯಾರ ಗಾಡಿಗೆ ಇಲಿ ಬರತೈತಿ ತೋರಸ್ರಿ." ಒಂದು ಚೀಲ ತಂಬಾಕಿನ ಎಲೆ ಕೊಟ್ಟರು, ಅದೂ ಕಡಿಮೆ ದರಕ್ಕೆ. ಬಾನೆಟ್ಟಿನ ಸಂದುಗೊಂದಿಗೆಲ್ಲ ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಇಟ್ಟೆ.

ಮರುದಿನ ಮಗಳನ್ನು ಕೂರಿಸಿಕೊಂಡು ಫ್ಯಾನು ಹಾಕಿದ್ದೇ ತಡ, ಕಾರಿನ ತುಂಬ ತಂಬಾಕಿನ ಘಾಟು. ಮಗಳು ಬಾಗಿಲು ತೆಗೆದು ಇಳಿದೇಬಿಟ್ಟಳು.

"ತಂಬಾಕ ಹತ್ರ ಸುಳೀಬ್ಯಾಡ ಅಂತ ಡಾಕ್ಟರು ಹೇಳ್ಯಾರ. ನೀ ತಂಬಾಕಿನ ಗೋದಾಮಿನ್ಯಾಗ ಕುಂಡರಿಸಿ ಡಾಕ್ಟರ ಕಡೆ ಒಯ್ತಿಯೇನ ಬೇ?"

ಗಂಟುಗಳನ್ನೆಲ್ಲ ಬಿಚ್ಚಿದೆ. ಒಂದು ಗಂಟಿನ ಬಟ್ಟೆ ಅರ್ಧ ಇರಲಿಲ್ಲ. ಇಲಿ ತಂಬಾಕನ್ನು ಬಿಟ್ಟು ಸೀರೆಯನ್ನು ಒಯ್ದಿತ್ತು. ಜೀಪಿನವರಿಗೆ ಹೇಳಿದರೆ, "ನಿಪ್ಪಾಣಿ ಕಡೆ ಇಲಿ ಇರಬೇಕ ಬಿಡ್ರಿ, ರೂಢಿ ಆಗೇತಿ" ಎಂದು ನಗತೊಡಗಿದರು. ನನಗೆ ನಗು ಬರಲಿಲ್ಲ. ಮಗಳಿಗೆ ದಿನ ತುಂಬಲು ಎರಡೇ ವಾರ ಉಳಿದಿತ್ತು.

ಅದೇ ವಾರ ಚಿಕ್ಕೋಡಿಯ ಖಾನಾವಳಿಯ ಮುಂದೆ ರೊಟ್ಟಿ ಇಳಿಸುತ್ತಿದ್ದೆ. ಒಳಗೆ ಚಹಾ ಕುಡಿಯುತ್ತಿದ್ದ ಮುದುಕರೊಬ್ಬರು ಎದ್ದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಮೂವತ್ತು ವರ್ಷ ಬಸ್ಸು ಹೊಡೆದು ನಿವೃತ್ತರಾದವರು ಎಂದು ಖಾನಾವಳಿಯವರು ಹೇಳಿದರು. ನಾನು ಇಲಿಯ ಕತೆ ತೆಗೆದೆ, ಇವರೂ ಒಂದು ಔಷಧಿ ಹೇಳುತ್ತಾರೆಂದು ಕಾದೆ. ಅವರು ಹೇಳಲಿಲ್ಲ, ಕೇಳಿದರು.

"ಯಾವ ದೇವರಿಗೆ ಹೋಗಿದ್ರಿ?"

"ಮಂಗಸೂಳಿಗ್ರಿ. ಅದ್ಯಾಕ?"

"ವೈಪರ್ ಬುಡಕ ಇನ್ನೂ ಭಂಡಾರ ಐತಲ್ಲ. ಕೊಬ್ಬರಿ ಹಾರಿಸಿದ್ರಿ?"

"ಹಾರಿಸಿದೆ."

"ಎಲ್ಲಿ?"

"ಗಾಡಿ ಮ್ಯಾಲ."

ಅವರು ಒಡೆದ ಜಾಳಿಗೆಯ ಮೂಲೆಯಲ್ಲಿ ಎರಡು ಬೆರಳು ತೂರಿಸಿ ನನ್ನ ಮುಖ ನೋಡಿದರು. "ಮ್ಯಾಲ ಹಾರಿಸಿದ್ದು ಹೌದ್ರಿ. ಒಳಗ ಎಷ್ಟ ಹ್ವಾದುವು?"

ಮೂರು ಸಾವಿರ ಇಳಿಸಲು ನಾನು ಬೆರಳಿಟ್ಟ ಜಾಗವೇ ಅದು.

ಅವರು ಖಾನಾವಳಿಯಿಂದ ಒಂದು ಸ್ಕ್ರೂ ಡ್ರೈವರ್ ತರಿಸಿ ಬಾನೆಟ್ ಎತ್ತಿ, ವೈಪರ್ ಬಿಚ್ಚಿ, ಜಾಳಿಗೆ ಎಬ್ಬಿಸಿದರು. ಒಂದು ಇಲಿ ಚಂಗನೆ ಹಾರಿ ರಸ್ತೆ ದಾಟಿ ಗಟಾರದ ಕಡೆ ಓಡಿತು. ಕೆಳಗಿನ ಗುಂಡಿಯಲ್ಲಿ ನನ್ನ ಸೀರೆಯ ಚೂರು, ಬಾನೆಟ್ಟಿನ ಒಳಮೈಯ ಹತ್ತಿ, ಕಬ್ಬಿನ ಒಣ ಎಲೆಯ ರವದಿ ಸೇರಿಸಿ ಮಾಡಿದ ಮೆತ್ತನೆಯ ಗೂಡು. ಅದರಲ್ಲಿ ಕಣ್ಣು ಬಿಡದ ನಾಲ್ಕು ಗುಲಾಬಿ ಮರಿ. ಪಕ್ಕದಲ್ಲಿ ಹಲ್ಲಿನ ಗೆರೆ ಬಿದ್ದ, ಇನ್ನೂ ಹಳದಿ ಹತ್ತಿದ್ದ ಐದಾರು ಕೊಬ್ಬರಿ ಚೂರು.

"ಉಣಿಸು, ಹಾಸಿಗಿ, ಮ್ಯಾಲ ಮಾಳಿಗಿ," ಮುದುಕರು ಅಂದರು. "ಮತ್ಯಾಕ ಬಿಟ್ಟ ಹೋಗತೈತ್ರಿ ಅದು? ಹಿಟ್ಟಿನ ವಾಸನಿಗಿ ಬಂದಿದ್ರ ಡಿಕ್ಯಾಗ ಹುಡುಕತಿತ್ತು."

ಸೇರಿದವರಲ್ಲಿ ಒಬ್ಬ ಮರಿಗಳನ್ನು ಒದ್ದು ಹಾಕಲು ಹೊರಟ. ನಾನು ಅವನ ತೋಳು ಹಿಡಿದೆ. ಮನೆಯಲ್ಲಿ ತುಂಬು ಬಸುರಿಯನ್ನು ಇಟ್ಟುಕೊಂಡವಳಿಗೆ ಅದು ಆಗುವ ಮಾತಲ್ಲ. ಗೂಡನ್ನು ಇಡಿಯಾಗಿ ರೊಟ್ಟಿ ಡಬ್ಬಿಯ ಮುಚ್ಚಳದಲ್ಲಿ ಎತ್ತಿ, ತಾಯಿ ಓಡಿದ ಗಟಾರದ ಅಂಚಿನ ಮುಳ್ಳುಕಂಟಿಯ ಪೊದೆಯಲ್ಲಿ ಇಟ್ಟು ಬಂದೆ. ಆಮೇಲೆ ಮುದುಕರ ಕೈಗೆ ಹಣ ಕೊಡಲು ಹೋದೆ. "ರೊಕ್ಕ ಬ್ಯಾಡ್ರಿ. ಎರಡು ಕಟ್ಟ ರೊಟ್ಟಿ ಕೊಡ್ರಿ," ಅಂದವರು, ಕೊಟ್ಟ ಮೇಲೆ, "ಶೇಂಗಾ ಚಟ್ನಿ ಮರತ್ರಿ" ಅಂದರು. ನಾನು ಮರುಮಾತಾಡದೆ ಒಪ್ಪಿದ ವ್ಯವಹಾರ ಅದೊಂದೇ ಇರಬೇಕು.

ಹೊಸ ಜಾಳಿಗೆ ಚಿಕ್ಕೋಡಿಯಲ್ಲೇ ಸಿಕ್ಕಿತು. ಅದರ ಕೆಳಗೆ ಸಣ್ಣ ಕಣ್ಣಿನ ಉಕ್ಕಿನ ಬಲೆಯನ್ನೂ ಕೂರಿಸಿಕೊಂಡು ಬಂದೆ. ಮನೆಗೆ ಬಂದು ಹೇಳಿದಾಗ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನಗಿಂತ ಮದಲ ಅದರದ ಆತ ಅನ್ನು. ನಿನ್ನ ಗಾಡ್ಯಾಗ ಹಡಿಯಾಕ ಪಾಳಿ ಹಚ್ಚಬೇಕ ನೋಡ ಇನ್ನ."

"ಬಾಯಿ ಮುಚ್ಚ. ಗಾಡ್ಯಾಗ ಹಡಿಯೂದು ನಮ್ಮ ಮನ್ಯಾಗ ಸಾಕಾಗೇತಿ," ಅಂದೆ.

ಅಂದಿನಿಂದ ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹೋಗುವುದಿದ್ದರೂ ಇಲ್ಲದಿದ್ದರೂ ಕಾರು ಚಾಲೂ ಮಾಡಿ ನೋಡುತ್ತಿದ್ದೆ.

ಹನ್ನೊಂದನೇ ದಿನ, ಬೆಳಗಿನ ಹತ್ತೂವರೆಗೆ, ಶೆಡ್ಡಿನ ಬಾಗಿಲಲ್ಲಿ ಮಗಳು ಬಂದು ನಿಂತಳು. "ಅವ್ವಾ, ಹೆಂಚ ಇಳಸು," ಅಂದಳು. ಅಷ್ಟೇ. ನನ್ನ ಯಜಮಾನರು ನಮ್ಮ ದ್ರಾಕ್ಷಿ ಪಡದಲ್ಲಿ ನೀರು ಬಿಡುತ್ತಿದ್ದರು, ಅವರಿಗೆ ಕೂಗಿ ಹೇಳಲು ಒಬ್ಬಳನ್ನು ಓಡಿಸಿದೆ. ಹಿಟ್ಟಿನ ಕೈಯಲ್ಲೇ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಎದ್ದಿತು.

ಕಬ್ಬಿನ ಹಂಗಾಮು. ಡಾಂಬರು ರಸ್ತೆ ಹತ್ತಿದರೆ ಮುಂದೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಹಾರ್ನ್ ಹೊಡೆಯುತ್ತಲೇ ಇದ್ದೆ. ಕೊನೆಯ ಟ್ರ್ಯಾಕ್ಟರಿನವನು ತಿರುಗಿ ಬೈಯಲು ಬಾಯಿ ತೆರೆದವನು ಮಗಳ ಮುಖ ನೋಡಿ, ಸೀಟಿನ ಮೇಲೆ ಎದ್ದು ನಿಂತು ಮುಂದಿನವನಿಗೆ ಕೂಗಿದ: "ಏ, ಬಾಜೂಕ ತಗೊಳಲೇ! ದಿನಾ ತುಂಬಿದ ಹೆಣಮಗಳ ಅದಾಳ!" ಅವನು ತನ್ನ ಮುಂದಿನವನಿಗೆ ಕೂಗಿದ. ಹೀಗೆ ಕೂಗು ಒಬ್ಬರಿಂದೊಬ್ಬರಿಗೆ ಹೋಗಿ, ಕಬ್ಬಿನ ಗಾಡಿಗಳು ಒಂದೊಂದಾಗಿ ಮಣ್ಣಿಗೆ ಇಳಿದು ದಾರಿ ಬಿಟ್ಟವು.

ಮಿರಜಿನ ಆಸ್ಪತ್ರೆಯ ಮೆಟ್ಟಿಲನ್ನು ಮಗಳು ತಾನೇ ಹತ್ತಿದಳು. ಮಧ್ಯಾಹ್ನ ಎರಡಕ್ಕೆ ಇನ್ನೊಬ್ಬ ಮೊಮ್ಮಗಳು ಹುಟ್ಟಿದಳು, ಹಾಸಿಗೆಯ ಮೇಲೆ, ಡಾಕ್ಟರಮ್ಮನ ಕೈಯಲ್ಲಿ. "ಈ ಸಲಾ ಟೈಮಿಗೆ ಸರಿ ಬಂದ್ರಿ," ಅಂದರು ಅವರು. ತಾಯಿಗೂ ಕೂಸಿಗೂ ಏನೂ ಆಗಿರಲಿಲ್ಲ.

ನಾನು ಕೆಳಗಿಳಿದು ಕಾರಿನ ಹತ್ತಿರ ಹೋದೆ. ಕೈಗೆ ಹತ್ತಿದ ಜೋಳದ ಹಿಟ್ಟು ಒಣಗಿ ಪರೆಯಾಗಿತ್ತು. ಯಾಕೋ ತಿಳಿಯದು, ಬಾನೆಟ್ ಎತ್ತಿ ಒಳಗೆ ನೋಡುತ್ತ ನಿಂತೆ. ಪಕ್ಕದ ಕಾರಿನವನು ಇಣುಕಿದ.

"ಗಾಡಿ ಕೆಟ್ಟೈತೇನ್ರಿ?"

"ಇಲ್ರಿ. ಛಲೋ ಐತಿ. ಸುಮ್ನ ನೋಡಾಕತ್ತೀನಿ."

"ಇಲಿ ಬರತಾವ್ರಿ. ಒಳಗ ಚೂರ ತಂಬಾಕ ಇಡ್ರಿ," ಅಂದ.

"ಆಗಲಿ," ಅಂದೆ. ಎಷ್ಟೋ ವಾರಗಳ ನಂತರ ಮೊದಲ ಸಲ ಮನಸ್ಸು ಬಿಚ್ಚಿ ನಕ್ಕೆ.

ಹಳೆಯ ಕಾರು ಕೊಳ್ಳುವವರು ನನ್ನ ಮಾತು ಕೇಳಿ. ಒಂದು ಕುಂದು ತೋರಿಸಿ ಬೆಲೆ ಇಳಿಸುವುದು ನಿಮ್ಮ ಹಕ್ಕು, ಬಿಡಬೇಡಿ. ಆದರೆ ಇಳಿದ ಹಣದಿಂದ ಮೊದಲು ಆ ಕುಂದನ್ನೇ ರಿಪೇರಿ ಮಾಡಿಸಿ, ಆಮೇಲೆ ಉಳಿದದ್ದಕ್ಕೆ ಖುಷಿಪಡಿ. ದೇವರಿಗೆ ಹೋದರೆ ಭಂಡಾರ ಎಷ್ಟು ಬೇಕಾದರೂ ಹಚ್ಚಿ, ಕೊಬ್ಬರಿಯನ್ನು ಮಾತ್ರ ಕಾರಿನ ಮೇಲೆ ಹಾರಿಸದೆ ಜನರ ಕೈಗೆ ಕೊಡಿ. ಹಾರಿಸಲೇಬೇಕಾದರೆ, ಊರಿಗೆ ಹೊರಡುವ ಮೊದಲು ವೈಪರಿನ ಬುಡದಲ್ಲಿ ಬೆರಳಾಡಿಸಿ ನೋಡಿ. ಔಷಧಿಗಳನ್ನು ಎಲ್ಲರ ಬಾಯಿಂದಲೂ ಕೇಳಿಸಿಕೊಳ್ಳಿ, ಖರ್ಚೇನಿಲ್ಲ. ಆದರೆ ಹಣ ಬಿಚ್ಚುವುದಕ್ಕಿಂತ ಮೊದಲು, ಇಲಿ ಯಾತಕ್ಕೆ ಬಂತು ಎಂದು ಕೇಳುವವರು ಒಬ್ಬರಾದರೂ ಸಿಗುವ ತನಕ ಕಾಯಿರಿ. ಮತ್ತೆ ಕಬ್ಬು ಕಟಾವಾಗಿ ಇಲಿಗಳು ದಿಕ್ಕುಗೆಟ್ಟ ಹೊಲದ ಪಕ್ಕ ಕಾರು ನಿಲ್ಲಿಸಿದ್ದರೆ, ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಬಾನೆಟ್ ಮೇಲೆ ಎರಡು ಸಲ ಗಟ್ಟಿಯಾಗಿ ತಟ್ಟಿ. ಒಳಗೆ ಯಾರಾದರೂ ಇದ್ದರೆ ಇಳಿದು ಹೋಗಲು ಅಷ್ಟು ಸಾಕು.