ಅವತ್ತು ರಸ್ತೆಯಲ್ಲಿ ಆನೆ ಇರಲಿಲ್ಲ

ನನ್ನ ತಮ್ಮ ಮುನಿಶಾಮಿಯ ಎಡಗಾಲು ಹೋದದ್ದು ಆನೆಯ ದೆಸೆಯಿಂದ ಎಂದು ಪೇಪರಿನಲ್ಲಿ ಬಂತು. ಸಾನಮಾವು ಕಾಡಿನ ಹತ್ತಿರ ಆನೆ ಅಡ್ಡ ಬಂದು ಕಬಡ್ಡಿ ಆಟಗಾರ ಚಿರಂಜೀವಿಯ ಕಾರು ಹಿಡಿತ ತಪ್ಪಿತಂತೆ. ಕಾವಲಿಗೆ ನಿಂತವನು ಗಾಡಿಗಳನ್ನು ನಿಲ್ಲಿಸದೆ ಮೈಮರೆತಿದ್ದನಂತೆ. ಆಟಗಾರ ದೇವರ ದಯೆಯಿಂದ ಉಳಿದನಂತೆ. ಆಟಗಾರನ ಫೋಟೋ ದೊಡ್ಡದಾಗಿ ಹಾಕಿದ್ದರು. ನನ್ನ ತಮ್ಮನ ಹೆಸರನ್ನೂ ಹಾಕಿರಲಿಲ್ಲ, ಕಾವಲಿನವನು ಎಂದಿದ್ದರು ಅಷ್ಟೆ.

ಅಲ್ಲಿ ಆನೆ ಇರಲಿಲ್ಲ. ನಾನು ಅಲ್ಲೇ ಇದ್ದೆ. ಅದಕ್ಕೇ, ಆ ಕಾವಲಿನವನು ಯಾರು ಎಂದು ಹೇಳುತ್ತೇನೆ.

ಮುನಿಶಾಮಿ ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು. ಅವ್ವ ಬೇಗ ಹೋದಳು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ನನ್ನ ಸೆರಗು ಹಿಡಿದುಕೊಂಡು ಅವನೂ ಬಂದ. ನನ್ನ ಯಜಮಾನರು ಅವನಿಗೂ ಒಂದು ತಟ್ಟೆ ತಂದರು. ಮೇಕೆ ಕಾಯುತ್ತ ಬೆಳೆದ. ದೊಡ್ಡವನಾದ ಮೇಲೆ ಹೊಸೂರಿನಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ಕಡೆ ಕೆಲಸಕ್ಕೆ ಸೇರಿಸಿದೆವು. ಎರಡು ವರ್ಷ ಮಾಡಿ ಬಿಟ್ಟು ಬಂದ.

“ಯಾಕ್ಲಾ ಬಿಟ್ಟೆ?” ಎಂದರೆ, “ತಲೆ ಮ್ಯಾಲೆ ತಗಡಿದ್ರೆ ನಂಗೆ ಉಸಿರಾಡಕ್ಕಾಗಲ್ಲ ಅಕ್ಕಯ್ಯ” ಎಂದ.

ಅರಣ್ಯ ಇಲಾಖೆಯವರು ವಾಚರ್ ಕೆಲಸಕ್ಕೆ ಜನ ಬೇಕು ಎಂದಾಗ ಇವನು ಹೋದ. ನಮ್ಮ ಕಡೆ ರಾಗಿ ತೆನೆ ಹಿಡಿಯುವ ಹೊತ್ತಿಗೆ ಆನೆಗಳು ಬರುತ್ತವೆ. ಹಗಲೆಲ್ಲ ಸಾನಮಾವು ಕಾಡಿನಲ್ಲಿ ಇರುತ್ತವೆ, ಸಂಜೆ ಹೊಲಕ್ಕೆ ಇಳಿಯುತ್ತವೆ, ಬೆಳಕಾಗುವ ಮುಂಚೆ ಕಾಡಿಗೆ ಹಿಂತಿರುಗುತ್ತವೆ. ಹೋಗುವುದಕ್ಕೂ ಬರುವುದಕ್ಕೂ ಅವು ರಾಯಕೋಟೆ ರಸ್ತೆಯನ್ನು ದಾಟಬೇಕು. ಆ ಹೊತ್ತಿನಲ್ಲಿ ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸುವುದು ಮುನಿಶಾಮಿಯ ಕೆಲಸ. ಕೈಯಲ್ಲಿ ಒಂದು ಕೆಂಪು ಬಟ್ಟೆ, ಒಂದು ಪೀಪಿ, ಒಂದು ಬ್ಯಾಟರಿ. ಬಸ್ಸಿನವರಿಗೆ ತಮಿಳಿನಲ್ಲಿ ಹೇಳುತ್ತಿದ್ದ, ಟೊಮೇಟೊ ಗಾಡಿಯವರಿಗೆ ತೆಲುಗಿನಲ್ಲಿ ಹೇಳುತ್ತಿದ್ದ, ಕೇಳದಿದ್ದರೆ ಎಲ್ಲರಿಗೂ ಕನ್ನಡದಲ್ಲಿ ಬೈಯುತ್ತಿದ್ದ.

ಒಮ್ಮೆ ಸೂಳಗಿರಿ ಕಡೆಯ ಮದುವೆ ದಿಬ್ಬಣವನ್ನು ತಡೆದಿದ್ದ. ಮುಹೂರ್ತ ಮೀರುತ್ತದೆ ಎಂದು ದಿಬ್ಬಣದವರು ಮೇಲೆ ಬಿದ್ದು ಬಂದರಂತೆ. ಇವನು ಗಂಡಿನ ಹತ್ತಿರ ಹೋಗಿ, “ಇಳ್ದು ಬಾರಪ್ಪ, ಆನೆಗೆ ನೀನೇ ಹೇಳು, ಒಸಿ ಬ್ಯಾಗ ನಡಿ ನಂಗೆ ತಾಳಿ ಕಟ್ಟೋದೈತೆ ಅಂತ” ಎಂದನಂತೆ. ಗಂಡು ನಕ್ಕುಬಿಟ್ಟ. ಮರಿಗಳ ಸಮೇತ ಆನೆಗಳು ದಾಟಿದ ಮೇಲೆ ಆ ಗಂಡೇ ಇಳಿದು ಇವನ ಕೈಗೆ ಎಲೆ ಅಡಿಕೆ ಕೊಟ್ಟು ಹೋದ.

ಇಷ್ಟು ವರ್ಷ ಅವನು ನಿಂತ ಜಾಗದಲ್ಲಿ ಒಬ್ಬ ಮನುಷ್ಯನಿಗೂ ಏಟಾಗಿಲ್ಲ, ಒಂದು ಆನೆಗೂ ಏಟಾಗಿಲ್ಲ. ಅವನು ಹೇಳಿಕೊಳ್ಳುವುದಕ್ಕೆ ಇದ್ದದ್ದು ಅದೊಂದೇ. ಹೊಲ ಒಂದು ಎಕರೆ, ಅದರಲ್ಲಿ ಅರ್ಧ ಬಂಡೆ.

ಚಿರಂಜೀವಿ ನಮ್ಮ ಊರಿನವನೇ, ಮೇಲುಗಡೆ ಬೀದಿಯ ವೆಂಕಟರಮಣಪ್ಪನ ಮಗ. ಹುಡುಗ ಆಟದಲ್ಲಿ ಗಟ್ಟಿಗ, ಇಲ್ಲ ಎನ್ನುವುದಿಲ್ಲ. ಟೀವಿಯಲ್ಲಿ ಬರುವ ಕಬಡ್ಡಿಗೆ ಅವನನ್ನು ದುಡ್ಡು ಕೊಟ್ಟು ತೆಗೆದುಕೊಂಡರು. ಅವನು ಆಡುವಾಗ ಊರೆಲ್ಲ ಕೂತು ನೋಡಿದ್ದೇವೆ, ನಾನೂ ನೋಡಿದ್ದೇನೆ. ಆಮೇಲೆ ಒಂದು ಕಪ್ಪು ಕಾರು ತಂದ.

ಆ ಕಾರನ್ನು ಅವನು ನಿಧಾನವಾಗಿ ಓಡಿಸಿದ್ದನ್ನು ನಾನು ನೋಡಿಲ್ಲ. ಮೊದಲ ವರ್ಷ ಎರಡು ನಾಯಿ ಸತ್ತವು. ಮರುವರ್ಷ ಪಾರ್ವತಮ್ಮನ ಕರು ಸತ್ತಿತು. ಪಾರ್ವತಮ್ಮ ಅಳುತ್ತ ಅವರ ಬಾಗಿಲಿಗೆ ಹೋದರೆ ವೆಂಕಟರಮಣಪ್ಪ, “ಕರೂನ ಕಟ್ಟಾಕ್ಕೊಬೇಕಮ್ಮ, ರೋಡು ಇರಾದು ಗಾಡಿಗೆ” ಎಂದು ಕಳಿಸಿದ. ಜೋರಾಗಿ ಓಡಿಸಿದ್ದಕ್ಕೆ ಪೋಲೀಸಿನವರು ಹಾಕುವ ದಂಡದ ಮೆಸೇಜು ಅಪ್ಪನ ಫೋನಿಗೇ ಬರುತ್ತಿತ್ತು. ಅದನ್ನು ಅವನು ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದ, ಮಗ ಆಟದಲ್ಲಿ ಕಪ್ ಗೆದ್ದ ಹಾಗೆ. ಅವನ ಗೆಳೆಯ ದೊಡ್ಡವೆಂಕಟಪ್ಪ ಅಲ್ಲೇ ಕೂತು, “ನಮ್ಮ ಹುಡ್ಗ ಹೊಸೂರು ಬಿಟ್ಟೆ ಅಂತ ಫೋನ್ ಮಾಡಿದ್ರೆ ನಾನು ಬೀಡಿ ಹಚ್ತೀನಿ. ಬೀಡಿ ಆರೋ ಹೊತ್ಗೆ ಬಾಗ್ಲಲ್ಲಿರ್ತಾನೆ” ಎನ್ನುತ್ತಿದ್ದ. ಕೂತವರೆಲ್ಲ ನಗುತ್ತಿದ್ದರು.

ಮುನಿಶಾಮಿ ಅವನ ಕಾರನ್ನೂ ಒಂದು ಸಲ ತಡೆದಿದ್ದ. ನಾನು ಅಂಬಲಿ ತೆಗೆದುಕೊಂಡು ಹೋಗಿದ್ದೆ, ಕೇಳಿಸಿಕೊಂಡೆ.

“ಎಲ್ಲೈತೆ ಮಾವ ಆನೆ?”

“ಬತ್ತದೆ. ಎಂಜಿನ್ ಆರ್ಸು.”

“ನಂಗೆ ಪ್ರಾಕ್ಟೀಸ್ ಐತೆ ಮಾವ.”

“ಅದ್ಕೂ ಮನೆಗೋಗೋದೈತೆ. ಕೂತ್ಕಳ್ಲಾ.”

“ನೀನು ಡಿಫೆಂಡರ್ ಆಗ್ಬೇಕಿತ್ತು ಮಾವ. ಬಿಡಂಗೇ ಇಲ್ಲ.”

ಮುನಿಶಾಮಿ ನಕ್ಕ. ಆನೆಗಳು ಹೋದ ಮೇಲೆ ಕಾರು ಹೊರಟ ಸದ್ದಿಗೆ ನನ್ನ ಕೈಯಲ್ಲಿದ್ದ ಪಾತ್ರೆ ಅದುರಿತು. “ಅವನಿಗೆ ಕಾಯೋದೊಂದು ಬರಲ್ಲ ಅಕ್ಕಯ್ಯ” ಎಂದ ನನ್ನ ತಮ್ಮ.

ಇನ್ನು ಆ ದಿನದ್ದು ಹೇಳುತ್ತೇನೆ. ರಾಗಿ ಕೊಯ್ಲಿನ ಕಾಲ. ಆನೆಗಳು ಮಬ್ಬಿರುವಾಗಲೇ ದಾಟಿ ಕಾಡು ಸೇರಿದ್ದವು. ನಾನು ಹೋಗುವಷ್ಟರಲ್ಲಿ ಬಿಸಿಲು ಬಿದ್ದಿತ್ತು, ರಸ್ತೆ ಉದ್ದಕ್ಕೂ ಚೆನ್ನಾಗಿ ಕಾಣುತ್ತಿತ್ತು. ಮುನಿಶಾಮಿ ಕೆಂಪು ಬಟ್ಟೆ ಮಡಿಸಿ ಚೀಲಕ್ಕೆ ಹಾಕಿ ಮೋರಿ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ಬಂದ. ನಾನು ಮೋರಿಯ ಈ ಕಡೆ, ಅವನು ರಸ್ತೆಯ ಕಡೆ. ರಾಯಕೋಟೆ ಕಡೆಯಿಂದ ಮುನಿರಾಜನ ಟೊಮೇಟೊ ಟೆಂಪೊ ಬರುತ್ತಿತ್ತು. ಅದರ ಹಿಂದೆ ಕಪ್ಪು ಕಾರು. ತಿರುವಿನಲ್ಲೇ ಅದು ಟೆಂಪೊವನ್ನು ಹಿಂದೆ ಹಾಕಲು ಬಲಕ್ಕೆ ಬಂತು. ಬಂದದ್ದು ಮತ್ತೆ ಎಡಕ್ಕೆ ಹೋಗಲೇ ಇಲ್ಲ. ನನ್ನ ತಮ್ಮನನ್ನು ಹೊಡೆದು, ಕಟ್ಟೆಯನ್ನು ಉಜ್ಜಿಕೊಂಡು, ಮುಂದೆ ಹುಣಸೆ ಮರಕ್ಕೆ ಗುದ್ದಿ ನಿಂತಿತು.

ಚಿರಂಜೀವಿ ಬಾಗಿಲು ತೆಗೆದು ಇಳಿದ. ಹಣೆ ತರಚಿತ್ತು. ಅವನು ಮೊದಲು ಬಗ್ಗಿ ತನ್ನ ಮೊಣಕಾಲನ್ನು ಹಿಡಿದು ನೋಡಿಕೊಂಡ. ಒಂದು, ಆಮೇಲೆ ಇನ್ನೊಂದು. ಎರಡು ಹೆಜ್ಜೆ ನಡೆದು ನೋಡಿದ. ಆಮೇಲೆ ತಲೆಯೆತ್ತಿ ನಮ್ಮ ಕಡೆ ನೋಡಿದ. ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ನಾನು ತಮ್ಮನ ಕಾಲಿಗೆ ಟವಲ್ಲು ಬಿಗಿಯುತ್ತಿದ್ದೆ. ಅಷ್ಟರಲ್ಲಿ ಹೊಸೂರಿನಿಂದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಇಳಿದು ಓಡಿ ಬಂದು ಚಿರಂಜೀವಿಯನ್ನು, “ಎನ್ನ ತಂಬಿ, ಯಾನೈಯಾ?” ಎಂದು ಕೇಳಿದ. ಆ ರಸ್ತೆಯಲ್ಲಿ ಗಾಡಿ ಗುದ್ದಿದರೆ ಯಾರಾದರೂ ಮೊದಲು ಕೇಳುವುದು ಅದನ್ನೇ, ಆನೆಯಾ ಎಂದು. ಹುಡುಗ ಅವನ ಮುಖ ನೋಡಿದ. ಆಮೇಲೆ ಹೌದೆಂದು ತಲೆ ಆಡಿಸಿದ. “ಆಮಾ” ಎಂದ. ಬಸ್ಸಿನಲ್ಲಿ ಇದ್ದವರೆಲ್ಲ ಫೋನ್ ತೆಗೆದರು. ಇವನು ಕಟ್ಟಿದ ಸುಳ್ಳಲ್ಲ ಅದು, ಅವರೇ ಕೈಗೆ ಕೊಟ್ಟದ್ದು. ಇವನು ಇಸಕೊಂಡ. ನನ್ನನ್ನು ಒಬ್ಬರೂ ಕೇಳಲಿಲ್ಲ.

ಕೃಷ್ಣಗಿರಿ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಮನೆಗೆ ಬಂದ ಮೇಲೆ ರೇಂಜರ್ ಬಂದರು, ಮರ್ಯಾದೆಯವರು. ಹಾಗಿದ್ದರೂ ಕೇಳಬೇಕಾದ್ದನ್ನು ಕೇಳಿದರು. “ಆನೆ ದಾಟೋವಾಗ ಗಾಡಿ ಹೇಗೆ ಬಂತು ಮುನಿಶಾಮಿ?” ಇಲ್ಲ ಸಾರ್, ಆನೆ ಇರಲಿಲ್ಲ ಎಂದರೆ, ಎಲ್ಲರೂ ಇತ್ತು ಅನ್ನುತ್ತಾರಲ್ಲ ಎಂದರು.

ಅದಾದ ಮೂರನೇ ದಿನ ವೆಂಕಟರಮಣಪ್ಪ, ದೊಡ್ಡವೆಂಕಟಪ್ಪ, ಆಟೋ ಇಟ್ಟಿರುವ ಅಶ್ವತ್ಥಪ್ಪ ಮೂವರೂ ಸೇಬಿನ ಹಣ್ಣು ತಂದು ಮಂಚದ ಹತ್ತಿರ ಕೂತರು.

“ಆಗಿದ್ದಾಗೋಯ್ತು ಮುನಿಶಾಮಿ” ಎಂದ ವೆಂಕಟರಮಣಪ್ಪ. “ಆನೆ ಅಂದ್ಬುಡು. ಇಲಾಖೆಯಿಂದ ಪರಿಹಾರ ಬತ್ತದೆ, ನಾನೇ ಓಡಾಡಿ ಕೊಡಿಸ್ತೀನಿ. ಕೇಸ್ ಬಿದ್ರೆ ಹುಡುಗ್ನ ಟೀಮಿಂದ ಕಿತ್ತಾಕ್ತಾರೆ. ನಮ್ಮೂರಿನ ಹೆಸರು ಹೇಳೋನು ಇರಾದೊಬ್ಬನೇ.”

“ಆನೆ ಏನು ಕೋರ್ಟಿಗೆ ಬಂದು ನಾನಲ್ಲ ಅಂತದಾ?” ಎಂದು ದೊಡ್ಡವೆಂಕಟಪ್ಪ ನಕ್ಕ.

ಮುನಿಶಾಮಿ ನಗಲಿಲ್ಲ. “ಆನೆ ಬಂದಾಗ ನಾನೆಲ್ಲಿದ್ದೆ?”

“ಎಲ್ಲಿರ್ತೀಯ, ಅಲ್ಲೇ ಇದ್ದೆ.”

“ಅಲ್ಲೇ ಇದ್ದು ಗಾಡೀನ ಬಿಟ್ಟೆ ಅಂತಾಯ್ತಲ್ಲ.”

ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಕಾಲು ಹೋದವನಿಗೆ ಹೆಸರೂ ಒಂದು ಇರುತ್ತದೆ ಎಂದು ಅವರ ತಲೆಗೆ ಬಂದಿರಲಿಲ್ಲ.

“ಅಂಗ್ ಯಾರಂತಾರೆ ಬುಡು” ಎಂದ ಅಶ್ವತ್ಥಪ್ಪ.

“ಪೇಪರ್ನಾಗೆ ಅಂದವ್ರೆ. ನಾ ಹೇಳಲ್ಲ ಕಣಣ್ಣ. ಹಣ್ಣು ತಕ್ಕೊಂಡೋಗಿ.”

ಅವರು ಹೋದ ಮೇಲೆ ಮುನಿಶಾಮಿಯ ಹೆಂಡತಿ ರಾಧಾಮಣಿ ನನ್ನ ಮೇಲೆ ರೇಗಿದಳು. “ಕಾಲಂತೂ ಬರಲ್ಲ ಅಕ್ಕ. ಬರೋದನ್ನೂ ಬ್ಯಾಡ ಅಂದ್ರೆ ಒಲೆ ಮ್ಯಾಲೆ ಏನಿಡ್ಲಿ? ನೀವಾದ್ರೂ ಹೇಳಿ.” ನಾನು ಹೇಳಲಿಲ್ಲ. ಅವಳು ಹೇಳಿದ್ದು ತಪ್ಪು ಎಂದೂ ಅನ್ನಲಿಲ್ಲ. ಈಗ ಅವಳು ಸೂಳಗಿರಿಯ ಹೊಸ ಫ್ಯಾಕ್ಟರಿಗೆ ಬೆಳಿಗ್ಗೆ ವ್ಯಾನಿನಲ್ಲಿ ಹೋಗಿ ಸಂಜೆ ಬರುತ್ತಾಳೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ಚಿರಂಜೀವಿ ಒಬ್ಬನೇ ಬಂದ. ಮಂಚದ ಹತ್ತಿರ ನೆಲದ ಮೇಲೆ ಕೂತ. ಮುನಿಶಾಮಿ ಅವನನ್ನು ಬೈಯಲಿಲ್ಲ.

“ಆನೆ ಯಾವ ಕಡೆಯಿಂದ ಬಂತು ಚಿರಂಜೀವಿ?”

ಹುಡುಗ ತಲೆ ತಗ್ಗಿಸಿದ. “ಇರ್ಲಿಲ್ಲ ಮಾವ. ನಾನು ಸ್ಪೀಡ್ ಮೀಟ್ರು ಏರೋದ ಫೋನಲ್ಲಿ ವೀಡಿಯೋ ತೆಗೀತಿದ್ದೆ. ತಿರುವು ನೋಡ್ಲಿಲ್ಲ.”

“ಇಲ್ಲಿ ಅಂದಿದ್ನ ಠಾಣೇಲಿ ಅಂತೀಯಾ?”

“ಅಂತೀನಿ ಮಾವ. ಈ ಸೀಸನ್ ಒಂದು ಮುಗ್ದೋಗ್ಲಿ.”

ನಾನು ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಅವನು ಸುಳ್ಳು ಹೇಳಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಉರಿಸಿತು. ಒಂದು ಕಾಲು ಅವನ ಆಟ ಮುಗಿಯುವ ತನಕ ಕಾಯಬೇಕಂತೆ.

ನಾವು ಕಾಯಲಿಲ್ಲ. ಅಶ್ವತ್ಥಪ್ಪನ ಆಟೋ ಬರಲಿಲ್ಲ, ಪಕ್ಕದೂರಿನಿಂದ ತರಿಸಿಕೊಂಡು ಠಾಣೆಗೆ ಹೋದೆವು. ಮುನಿಶಾಮಿ ಹೇಳಿದ, ನಾನೂ ಹೇಳಿದೆ, ಬರೆದುಕೊಂಡರು. ಆದರೆ ಟೆಂಪೊ ಓಡಿಸುತ್ತಿದ್ದ ಮುನಿರಾಜ್ ಮರದ ಸಂದಿಯಲ್ಲಿ ಆನೆ ಬೆನ್ನು ಕಂಡೆ ಎಂದು ಹೇಳಿದ್ದ. ಆ ಕಡೆ ಇಬ್ಬರು, ಈ ಕಡೆ ಇಬ್ಬರು, ಈ ಕಡೆಯ ಇಬ್ಬರೂ ಅಕ್ಕ ತಮ್ಮ. ಇನ್ನೂ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದರು. ಊರಿನಲ್ಲಿ ನಮ್ಮ ಜೊತೆ ಮಾತು ನಿಂತಿತು. ಅಂಗಡಿಯಲ್ಲಿ ಬೇಳೆ ಕೊಡುತ್ತಾರೆ, ಮುಖ ನೋಡುವುದಿಲ್ಲ.

ಸೀಸನ್ ಮುಗಿಯಿತು. ಚಿರಂಜೀವಿಯ ಟೀಮು ಗೆಲ್ಲಲಿಲ್ಲವಾದರೂ ಅವನಿಗೆ ಏನೋ ಬಹುಮಾನ ಬಂತು. ಊರಿಗೆ ಬರುವ ದಿನ ಅವರ ಮನೆ ಮುಂದೆ ಶಾಮಿಯಾನ ಹಾಕಿದರು. ನಾನು ಹೋದೆ. ಕರೆದಿರಲಿಲ್ಲ. ಹೊಸ ಕಾರಿನಲ್ಲಿ ಬಂದ, ಹೇಗೆ ಬಂದ ಎಂದು ಹೇಳಬೇಕಾಗಿಲ್ಲ, ಮಕ್ಕಳನ್ನು ಎಳೆದು ಪಕ್ಕಕ್ಕೆ ಸರಿಸಿದರು. ಹಾರ ಹಿಡಿದು ನಿಂತಿದ್ದವರ ನಡುವೆ ಹೋಗಿ ಅವನ ಮುಂದೆ ನಿಂತೆ.

“ಸೀಸನ್ ಮುಗೀತಲ್ಲಪ್ಪ. ನಡಿ, ಠಾಣೆಗೆ ಹೋಗನ.”

“ಅಜ್ಜಿ, ಇವತ್ತಾ?”

“ಯಾವತ್ತು ಹೇಳು, ಅವತ್ತೇ ಬತ್ತೀನಿ.”

“ಈ ಮುದುಕೀನ ಯಾರು ಒಳಕ್ಕೆ ಬಿಟ್ಟಿದ್ದು?” ಎಂದ ವೆಂಕಟರಮಣಪ್ಪ. “ಆನೆ ಮಾಡಿದ್ದಕ್ಕೆ ಎಷ್ಟು ದಿನ ಅಂತ ನನ್ ಮಗನ್ನ ಹಿಂಡ್ತೀಯಮ್ಮ?”

ನಾನು ಅವನ ಕಡೆ ತಿರುಗಲಿಲ್ಲ. “ನೀನೇ ಹೇಳಪ್ಪ ಚಿರಂಜೀವಿ. ಇತ್ತಾ?”

ಹುಡುಗ ಬೆವರಿದ್ದ. ಅಪ್ಪನನ್ನು ನೋಡಿದ, ನನ್ನನ್ನು ನೋಡಿದ. “ಇರ್ಲಿಲ್ಲ” ಎಂದ. ಎಲ್ಲರಿಗೂ ಕೇಳಿಸುವ ಹಾಗೆಯೇ ಎಂದ. “ಆನೆ ಇರ್ಲಿಲ್ಲ ಅಜ್ಜಿ, ಬುಟ್ಬುಡು ನನ್ನ.”

ನಾನು ಸುತ್ತ ನೋಡಿದೆ. ಒಬ್ಬರಾದರೂ ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಒಬ್ಬರ ಮುಖವೂ ಬದಲಾಗಲಿಲ್ಲ. ಹಾರ ಹಿಡಿದವರು ಹಾಗೇ ನಿಂತಿದ್ದರು. ಕರು ಕಳೆದುಕೊಂಡ ಪಾರ್ವತಮ್ಮನೂ ಆರತಿ ತಟ್ಟೆ ಹಿಡಿದು ಅಲ್ಲೇ ಇದ್ದಳು. ಎಲ್ಲರಿಗೂ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಆಮೇಲೆ ಅವರು ಹಾರ ಹಾಕಿದರು.

ಮನೆಗೆ ಬಂದು ಮುನಿಶಾಮಿಗೆ ಹೇಳಿದೆ.

“ಯಾರ್ಯಾರಿದ್ರು ಅಕ್ಕಯ್ಯ?” ಎಂದ.

ನಿಂತಿದ್ದ ಸಾಲಿನ ಪ್ರಕಾರ ಹೇಳುತ್ತ ಹೋದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

“ಅಷ್ಟು ಜನಾನೂ ಕೇಳಿಸ್ಕೊಂಡ್ರಾ?”

“ಕೇಳಿಸ್ಕೊಂಡ್ರು.”

“ಇನ್ನೂ ಯಾರಾದ್ರೂ ಇದ್ರೆ ಕರ್ಕೊಂಬಾ ಅಂದಿದ್ರಲ್ಲ. ಇಷ್ಟು ಜನ ಅವ್ರೆ. ಆಟೋಗೆ ಹೇಳು.”

ಮರುದಿನ ಠಾಣೆಗೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಹೇಳಿದೆವು. ಬರೆದುಕೊಂಡವರು ಎರಡು ಸಲ ತಲೆಯೆತ್ತಿ ನನ್ನನ್ನು ನೋಡಿದರು, ನಾನು ನಿಲ್ಲಿಸಲಿಲ್ಲ. ಈಗ ಸಾಕ್ಷಿ ಹೇಳಲು ಒಂದೊಂದು ಮನೆಗೂ ಠಾಣೆಯಿಂದ ಕರೆ ಬರುತ್ತಿದೆ. ಮೊದಲನೆಯದು ದೊಡ್ಡವೆಂಕಟಪ್ಪನಿಗೆ. ಅವನು ನಮ್ಮ ಬೀದಿಯಲ್ಲಿ ಓಡಾಡುವುದನ್ನು ಬಿಟ್ಟಿದ್ದಾನೆ. ನಿನ್ನೆ ನಾನೇ ಅವನ ಬಾಗಿಲಿಗೆ ಹೋಗಿ, ಸೋಮವಾರ ಬೆಳಿಗ್ಗೆ ಬರಬೇಕಂತೆ, ಮರೀಬ್ಯಾಡ ಎಂದು ಹೇಳಿ ಬಂದೆ.