ವಿಮಲಾ ಹೇಳಿದ ಸಾಕ್ಷಿ

"ನನ್ನ ಹತ್ರ ಹೇಳೋಕೆ ಏನಿದೆ ಅಕ್ಕ? ಒಬ್ರಿಗೆ ಕೆಲಸ ಸಿಕ್ತು, ಒಬ್ರ ಮಗ ಎಸ್ಸೆಸ್ಸೆಲ್ಸಿ ಪಾಸಾದ, ಇನ್ನೊಬ್ರಿಗೆ ಆಪರೇಷನ್ನೇ ಇಲ್ದೆ ಕಲ್ಲು ಕರಗ್ತು. ಎಲ್ರೂ ಎದ್ದು ಸ್ತೋತ್ರ ಹೇಳ್ತಾರೆ. ನಾನು ಎದ್ದು ಏನಂತ ಹೇಳ್ಲಿ? ನಮ್ಮತ್ತೆಗೆ ಲಕ್ವ ಹೊಡೆದಿತ್ತು, ಈಗ್ಲೂ ಹಂಗೇ ಇದೆ ಅಂತಲಾ? ಬೆಳಗ್ಗೆ ಎದ್ದು ಅವರ ಬಟ್ಟೆ ಬದಲಾಯಿಸ್ತೀನಿ, ಗಂಜಿ ಕುಡಿಸ್ತೀನಿ. ನರ್ಸಿಂಗ್ ಹೋಮ್‌ಗೆ ಹೋಗಿ ಅಲ್ಲೂ ಅದೇ ಆಯಾ ಕೆಲಸ. ಬಂದ್ರೆ ಮತ್ತೆ ಅದೇ. ಪ್ರಾರ್ಥನೆಗೆ ಮಂಡಿ ಊರಿದ್ರೆ ನಿದ್ದೆ ಬಂದ್ಬಿಡುತ್ತೆ. ದೇವರು ನಮ್ಮನೆ ದಾರೀನೇ ಮರೆತವ್ನೆ ಅನ್ಸುತ್ತೆ. ಅದಕ್ಕೇ ಸಾಕ್ಷಿ ಹೊತ್ತಿಗೆ ನಾನು ಟೀ ಕಾಯಿಸೋಕೆ ಒಳಗೆ ಹೋಗೋದು."

ಉತ್ತರಹಳ್ಳಿಯ ವಿಮಲಾ ನನಗೆ ಹೀಗೆ ಹೇಳಿದ್ದು ಎಪ್ಪತ್ತೆಂಟನೆಯ ಇಸವಿಯಲ್ಲಿ. ನಮ್ಮ ಕ್ರೈಸ್ತ ಸಭೆಯವರು ಗುರುವಾರ ಒಂದೊಂದು ಮನೆಯಲ್ಲಿ ಕೂಡುತ್ತಿದ್ದೆವು. ಹಾಡು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು, ದೇವರು ತಮಗೆ ಮಾಡಿದ ಉಪಕಾರವನ್ನು ಹೇಳಬೇಕು; ಅದೇ ಸಾಕ್ಷಿ. ಕಣ್ಣಿಗೆ ಕಂಡದ್ದು ಮಾತ್ರ ಸಾಕ್ಷಿ ಎಂದುಕೊಂಡಿದ್ದರು ಎಲ್ಲರೂ.

ವಿಮಲಾಳ ಗಂಡ ತೀರಿಹೋಗಿದ್ದ. ಉಳಿದವರು ಅತ್ತೆ ಅಣ್ಣಮ್ಮ. ಎಡಗೈ, ಎಡಗಾಲು ಬಿದ್ದುಹೋಗಿದ್ದರೂ ನಾಲಿಗೆ ಗಟ್ಟಿಯಾಗಿತ್ತು.

ಎದುರು ಮನೆಯ ನಾಗಲಕ್ಷ್ಮಮ್ಮನ ಗಂಡ ಗಂಗಯ್ಯ ಗಾರೆ ಕೆಲಸದವನು. ಜಯನಗರದಲ್ಲಿ ಮನೆ ಕಟ್ಟುವಾಗ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ. ಆರೈಕೆ ಮಾಡಿ ಮಾಡಿ ಬೇಸತ್ತ ನಾಗಲಕ್ಷ್ಮಮ್ಮ, ವಿಮಲಾ ಹಾಗೆ ಹೇಳಿದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ ಬಟ್ಟೆಗಂಟು ಕಂಕುಳಲ್ಲಿಟ್ಟು ವಸಂತಪುರದ ತವರಿಗೆ ಹೊರಟೇಬಿಟ್ಟಳು. ನಾನು ವಿಮಲಾಳ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದೆ. ವಿಮಲಾ ಓಡಿಹೋಗಿ ಅವಳಿಗೆ ಅಡ್ಡ ನಿಂತಳು.

"ಅವನನ್ನ ಯಾರು ನೋಡ್ಕೋತಾರೆ ಲಕ್ಷ್ಮಮ್ಮ? ಯೇಸಪ್ಪನ್ನ ನಂಬು, ವಾಸಿ ಮಾಡ್ತಾನೆ." ಕೂಟದಲ್ಲಿ ಕೇಳಿದ್ದನ್ನೇ ಹೇಳಿದಳು.

"ಓಹೋ! ಹಂಗಾದ್ರೆ ನಿಮ್ಮತ್ತೆ ಕುಂಟಬಿಲ್ಲೆ ಆಡ್ತಾವ್ರಾ? ಕರಿಯೇ ಈಚೆಗೆ, ನಾನೂ ನೋಡ್ತೀನಿ!"

ಅಷ್ಟರಲ್ಲಿ ಒಳಗಿನಿಂದ ಅಣ್ಣಮ್ಮ ಕಿರುಚಿದರು: "ಎಲ್ಲಿ ಸತ್ತೋದ್ಯೇ? ನನ್ನ ಮಗನ್ನ ನುಂಗ್ದೋಳೇ!"

"ಬಂದೆ ಅತ್ತೆ," ಎನ್ನುತ್ತಾ ವಿಮಲಾ ಮನೆಯತ್ತ ನಡೆದಳು.

ನಾಗಲಕ್ಷ್ಮಮ್ಮ ಅವಳ ಹಿಂದೆಯೇ ಜಗಲಿವರೆಗೂ ಬಂದಳು. "ಅಷ್ಟೇನಾ? ಮೊದ್ಲು ಒಂದಕ್ಕೆ ಹತ್ತು ತಿರುಗಿಸಿ ಕೊಡ್ತಿದ್ದೆ. ಬೀದಿಗೆಲ್ಲ ಕೇಳ್ತಿತ್ತು."

ವಿಮಲಾ ಹೊಸ್ತಿಲ ಬಳಿ ಹಾಗೆಯೇ ನಿಂತಳು. ತನ್ನ ಮನೆಯ ಸುದ್ದಿಯನ್ನು ಬೇರೆಯವರ ಬಾಯಲ್ಲಿ ಕೇಳಿದಂತಿತ್ತು ಅವಳ ಮುಖ.

"ಹೌದಲ್ವಾ," ಎಂದಳು ಮೆಲ್ಲಗೆ. "ಸಾಯ್ಲಿ ಅಂತ ಒಂದಿನ ಊಟಾನೂ ಕೊಡ್ದೆ ಬಾಗ್ಲು ಹಾಕ್ಕೊಂಡು ಹೋಗಿದ್ದೆ ಕಣೇ. ಆ ಸಿಟ್ಟು ಯಾವಾಗ ಹೋಯ್ತೋ ಗೊತ್ತಿಲ್ಲ. ನಾನು ಬಿಟ್ಟಿದ್ದಲ್ಲ, ನನ್ನ ಕೈಲಿ ಆಗೋದೂ ಅಲ್ಲ. ನಾನು ತೂಕಡಿಸ್ತಾ ಇದ್ದಾಗ ದೇವರೇ ನನ್ನೊಳಗೆ ಕೂತು ಕೆಲಸ ಮಾಡವ್ನೆ. ನಮ್ಮತ್ತೆ ಎದ್ದಿಲ್ಲ. ನಿನ್ನ ಗಂಡ ಏಳ್ತಾನೆ ಅಂತ ಇನ್ಮೇಲೆ ನಾನು ಹೇಳಲ್ಲ. ಸುಸ್ತೂ ಹೋಗಿಲ್ಲ. ಆದ್ರೆ ದ್ವೇಷ ಹೋಗಿದೆ. ಇದು ನನ್ನ ಯೇಸಪ್ಪ ಮಾಡಿದ್ದು. ಇದನ್ನ ಮಾತ್ರ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ನಾಗಲಕ್ಷ್ಮಮ್ಮ ಗಂಟನ್ನು ಜಗಲಿಯ ಮೇಲೆ ಕುಕ್ಕಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮ ದೇವ್ರ ವಿಷ್ಯ ನಂಗೊತ್ತಿಲ್ಲ," ಎಂದಳು. "ನೀನು ಇವತ್ತು ಸುಳ್ಳು ಹೇಳ್ತಿಲ್ಲ, ಅದು ಗೊತ್ತು. ನಮ್ಮನೆಯವರನ್ನ ಮಗ್ಗಲು ತಿರುಗಿಸ್ಬೇಕು. ಒಬ್ಬಳ ಕೈಲಿ ಆಗಲ್ಲ."

"ಅತ್ತೆ ಕೆಲಸ ಮುಗಿಸಿ ಬರ್ತೀನಿ ಇರು," ಎಂದಳು ವಿಮಲಾ.

ಸಂಜೆಗೆ ಗಂಗಯ್ಯನನ್ನು ಇಬ್ಬರೂ ಹೊರಳಿಸಿ ಮಲಗಿಸಿದರು. ಅವನ ಅಡಿಯಿಂದ ಎಳೆದ ದುಪ್ಪಟಿಯನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಸೋಪು ಉಜ್ಜಿದರು, ಕುಕ್ಕಿದರು, ಜಾಲಿಸಿದರು. ಆಮೇಲೆ ಒಂದು ತುದಿಯನ್ನು ಇವಳು, ಇನ್ನೊಂದನ್ನು ಅವಳು ಹಿಡಿದು, ನೀರೆಲ್ಲ ಬಸಿಯುವವರೆಗೂ ಹಿಂಡಿದರು.