ಬಟ್ ಆದಮೇಲಿನ ಮಾತು

ಆ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ಇಸ್ತ್ರಿ ಹಿಡಿದವಳು ದೊಡ್ಡಾಕೆ. ಎರಡು ವರ್ಷದ ಹಿಂದೆ ತನ್ನ ವಾರಗಿತ್ತಿ ಚಿಕ್ಕಾಕೆಯನ್ನೂ ಕರೆತಂದು ಪಕ್ಕದ ಮೇಜಿಗೆ ನಿಲ್ಲಿಸಿದವಳೂ ಅವಳೇ. ಯಾಕಾದರೂ ತಂದೆನೋ ಅಂತ ಈಗ ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದಳು.

ಮೇಲ್ವಿಚಾರಕಿ ಕೆಲಸ ಖಾಲಿಯಾಗಿತ್ತು. ಹನ್ನೊಂದು ವರ್ಷದಿಂದ ದೊಡ್ಡಾಕೆಯ ಕಣ್ಣೆಲ್ಲ ಆ ಕುರ್ಚಿಯ ಮೇಲೆ. ಆದರೆ ಅಲ್ಲಿ ಕೂತವರು ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಚೀಟಿ ಬರೆಯಬೇಕು: ಅಂಗಿ ಒಗೆದಿದ್ದೇವೆ, ಆದರೆ ಕಲೆ ಹೋಗಿಲ್ಲ, ಗುಂಡಿ ಬಿದ್ದಿತ್ತು, ಅದಕ್ಕೆ ನಾವು ಬೇರೆ ಹಾಕಿದ್ದೇವೆ. ಅದಕ್ಕೇ ಊಟದ ಬಿಡುವಿನಲ್ಲಿ ಒಬ್ಬ ಟೀಚರಮ್ಮ ಬಂದು ಪಾಠ ಹೇಳುತ್ತಿದ್ದರು.

"ಎರಡು ವಾಕ್ಯ ಜೋಡಿಸೋದು, ಅಷ್ಟೇ. ನಡುವೆ ಆ್ಯಂಡ್, ಬಟ್, ಸೋ. ಆದ್ರೆ ಮಾಡಿದೋರು ಯಾರು, ಮಾಡಿದ್ದೇನು ಅಂತ ಎರಡು ಕಡೆಗೂ ಇರ್ಬೇಕು. ಕತ್ತರಿಸಿದ್ರೂ ಎರಡು ತುಂಡೂ ತಾನಾಗಿ ನಿಲ್ಬೇಕು."

ದೊಡ್ಡಾಕೆಯ ತಲೆಗೆ ಇದು ಹತ್ತಲಿಲ್ಲ. ಬಂದು, ಒಗೆದು, ಹಿಂಡಿ, ಒಣಹಾಕಿ ಹೋದೆ ಅಂತ ಒಂದೇ ಉಸಿರಿಗೆ ಹೇಳುವ ಬಾಯಿ ಅದು. ಒಬ್ಬಳೇ ಮಾಡಿದ ಕೆಲಸಕ್ಕೆ ಎರಡೆರಡು ಸಲ 'ಐ' ಯಾತಕ್ಕೆ? ಟೀಚರಮ್ಮ ದಿನಾ ಕೆಂಪು ಶಾಯಿಯಲ್ಲಿ ಬಿಟ್ಟುಹೋದ 'ಐ' ಸೇರಿಸಿ ಕೊಡುತ್ತಿದ್ದರು. ಚಿಕ್ಕಾಕೆ ಮಾತ್ರ ಮೂರೇ ದಿನಕ್ಕೆ ನೀರು ಕುಡಿದಷ್ಟು ಸಲೀಸಾಗಿ ಜೋಡಿಸತೊಡಗಿದಳು. "ಅಕ್ಕ, ನಿಮಗೂ ಹೇಳ್ಕೊಡ್ಲಾ?" ಅಂತ ಕೇಳಿದಳು ಬೇರೆ. ದೊಡ್ಡಾಕೆಗೆ ಹೊಟ್ಟೆ ಉರಿದುಹೋಯಿತು. ನೆಟ್ಟಗೆ ಇಸ್ತ್ರಿ ಹಾಕೋಕೆ ಬಾರದವಳು ನನಗೆ ಹೇಳಿಕೊಡ್ತಾಳಂತೆ.

ಬಾರದು ಅನ್ನುವುದೂ ಸುಳ್ಳಲ್ಲ. ಚಿಕ್ಕಾಕೆ ಮುಟ್ಟಿದ ಕಾಲರ್ ಸುಕ್ಕು ಬೀಳದೆ ಇದ್ದದ್ದೇ ಇಲ್ಲ. ಎರಡು ವರ್ಷ ಆ ಅಂಗಿಗಳನ್ನೆಲ್ಲ ದೊಡ್ಡಾಕೆಯೇ ಸದ್ದಿಲ್ಲದೆ ತನ್ನ ಮೇಜಿಗೆ ಎಳೆದುಕೊಂಡು ಸರಿ ಮಾಡಿ ಕಳಿಸುತ್ತಿದ್ದಳು. ಆಗ ಈ ಹೊಟ್ಟೆಕಿಚ್ಚು ಇರಲಿಲ್ಲ ನೋಡಿ.

ಕುರ್ಚಿ ಯಾರಿಗೆ ಅಂತ ತೀರ್ಮಾನಿಸುವ ಪರೀಕ್ಷೆಯ ದಿನ ಮ್ಯಾನೇಜರೂ ಬಂದು ಕೂತರು. "ನಿಮ್ಮ ಕೆಲಸದ ಬಗ್ಗೆ ಒಂದು ನಿಜ ಬರೀರಿ, ಜೋಡಿಸಿದ ವಾಕ್ಯದಲ್ಲಿ," ಅಂದರು ಟೀಚರಮ್ಮ. ದೊಡ್ಡಾಕೆ ಪೆನ್ನು ಕಚ್ಚುತ್ತ ಕೂತಳು. ಪಕ್ಕದಲ್ಲಿ ಚಿಕ್ಕಾಕೆಯ ಕೈ ಸರಸರ ಓಡುತ್ತಿತ್ತು. ಅದನ್ನು ನೋಡಿದ್ದೇ ತಡ, ಇವಳ ಕೈಗೂ ವೇಗ ಬಂತು.

ಟೀಚರಮ್ಮ ಮೊದಲು ಎತ್ತಿದ್ದು ದೊಡ್ಡಾಕೆಯ ಹಾಳೆ. "ಮೈ ಸಿಸ್ಟರ್-ಇನ್-ಲಾ ನೋಸ್ ಇಂಗ್ಲಿಷ್, ಬಟ್ ಶಿ ಕೆನಾಟ್ ಐರನ್ ಎ ಕಾಲರ್." ವಾರಗಿತ್ತಿಗೆ ಇಂಗ್ಲಿಷ್ ಬರುತ್ತೆ, ಆದರೆ ಕಾಲರ್ ಇಸ್ತ್ರಿ ಬರಲ್ಲ. ಎಲ್ಲರೂ ಗೊಳ್ಳೆಂದರು. "ನೋಡಿ, 'ಶಿ' ಕೂಡ ಬಿಟ್ಟಿಲ್ಲ," ಅಂತ ಟೀಚರಮ್ಮ ಬೆನ್ನು ತಟ್ಟಿದರು. ಮ್ಯಾನೇಜರು ತಿರುಗಿ ಚಿಕ್ಕಾಕೆಯನ್ನು ನೋಡಿದರು.

ಆಮೇಲೆ ಚಿಕ್ಕಾಕೆಯ ಹಾಳೆ. "ಐ ಕೆನಾಟ್ ಐರನ್ ಎ ಕಾಲರ್, ಬಟ್ ಮೈ ಸಿಸ್ಟರ್ ಹೆಲ್ಪ್ಸ್ ಮಿ, ಆ್ಯಂಡ್ ಶಿ ಟೆಲ್ಸ್ ನೋಬಡಿ." ನನಗೆ ಕಾಲರ್ ಬರಲ್ಲ, ಆದರೆ ನಮ್ಮಕ್ಕ ಮಾಡಿಕೊಡ್ತಾರೆ, ಅವರು ಯಾರಿಗೂ ಹೇಳಲ್ಲ. ಅಕ್ಕನ ಗುಣ ಹೇಳಹೊರಟು ತನ್ನ ಗುಟ್ಟನ್ನೇ ಬರೆದಿಟ್ಟಿದ್ದಳು ಪುಣ್ಯಾತ್ಗಿತ್ತಿ. ಈ ಸಲ ಯಾರೂ ನಗಲಿಲ್ಲ.

ಕುರ್ಚಿ ದೊಡ್ಡಾಕೆಗೇ ಸಿಕ್ಕಿತು. ಚಿಕ್ಕಾಕೆಯನ್ನು ಹಾಸಿಗೆ ಬಟ್ಟೆ ಮಡಿಸುವ ಕಡೆಗೆ ಹಾಕಿದರು. ಸಂಜೆ ಚಿಕ್ಕಾಕೆ ಏಪ್ರನ್ ಬಿಚ್ಚುವಾಗ ದೊಡ್ಡಾಕೆ ಅವಳ ಹತ್ತಿರ ಹೋಗಿ ನಿಂತಳು. "ನಾನು..." ಅಂದಳು.

"ನಿಮ್ಮ ವಾಕ್ಯದಲ್ಲಿ ಒಂದೂ ತಪ್ಪಿರ್ಲಿಲ್ಲ, ಅಕ್ಕ," ಅಂದಳು ಚಿಕ್ಕಾಕೆ. ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಎರಡು ವರ್ಷದಿಂದ ಇಬ್ಬರೂ ಒಟ್ಟಿಗೇ ಮನೆಗೆ ಹೋಗುತ್ತಿದ್ದರು.